ಟ್ಯೂಷನ್ ದುಡ್ಡಿನಲ್ಲಿ ದಿನಕ್ಕೆ 300 ರೂಪಾಯಿ ನಿಮ್ಮದಲ್ಲ!

‘ದಯವಿಟ್ಟು ಹೆಸರು ಹಾಕಬೇಡಿ’ ಎಂದು ಕೇಳಿಕೊಂಡು ಬಿಜೈಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರು ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ನಾಲ್ಕು ಬ್ಯಾಚ್, ಒಟ್ಟು ಎಂಬತ್ತು ಮಕ್ಕಳು, ಒಬ್ಬರಿಗೆ ವರ್ಷಕ್ಕೆ 20 ಸಾವಿರ ಫೀಸು. ಅಂದರೆ 16 ಲಕ್ಷ! ಬೆಂಚು, ಜೆರಾಕ್ಸ್, ಕರೆಂಟು, ಸಹಾಯಕ್ಕೆ ಬರುವ ಹುಡುಗಿಯ ಸಂಬಳ ಎಲ್ಲ ಸೇರಿ ಒಂದು ಲಕ್ಷ ಖರ್ಚು ಕಳೆದರೂ ಕೈಯಲ್ಲಿ 15 ಲಕ್ಷ ಉಳಿಯುತ್ತದೆ. ಆದರೆ ಯಾರು ಕೇಳಿದರೂ ಅವರು ಹೇಳುತ್ತಿದ್ದದ್ದು ಒಂದೇ ಮಾತು: ‘ಎಂತದ್ದೂ ಇಲ್ಲ ಮಾರಾಯ್ತಿ, ಟೈಂಪಾಸಿಗೆ ಟ್ಯೂಷನ್ ಮಾಡ್ತೇನೆ.’

ಜುಲೈಯಲ್ಲಿ ರಿಟರ್ನ್ ಹಾಕಲು ಆಡಿಟರ್ ಹತ್ತಿರ ಹೋದಾಗ ಟೈಂಪಾಸು ಮುಗಿಯಿತು. ತೆರಿಗೆ 1,09,200 ರೂಪಾಯಿ. ಅದರ ಮೇಲೆ ಬಡ್ಡಿ ಬೇರೆ, ಹತ್ತಿರ ಹತ್ತಿರ ಹತ್ತು ಸಾವಿರ! ‘ಸರ್, ನಂದು ಸೈಡ್ ಇನ್‌ಕಮ್ ಅಲ್ವಾ?’ ಎಂದು ಕೇಳಿದರಂತೆ. ಆಡಿಟರ್ ನಕ್ಕು, ‘ಮೇಡಂ, ನಿಮ್ಮ ಯಜಮಾನರ ಸಂಬಳಕ್ಕಿಂತ ಇದೇ ಜಾಸ್ತಿ ಉಂಟಲ್ಲ!’ ಅಂದರಂತೆ.

ಆದರೆ ಅಷ್ಟು ಹೊತ್ತಿಗೆ ದುಡ್ಡೆಲ್ಲ ಖರ್ಚಾಗಿತ್ತು. ಅಡುಗೆಮನೆ ರಿಪೇರಿ, ನಾದಿನಿಯ ಮದುವೆ, ಮಗನ ಲ್ಯಾಪ್‌ಟಾಪ್... ‘ಕೊನೆಗೆ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಕಟ್ಟಿದೆ. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾಡಿದ ತಪ್ಪಾದರೂ ಏನು? ಕಳ್ಳಲೆಕ್ಕ ತೋರಿಸಿದವಳಲ್ಲ, ಕಟ್ಟುವುದಿಲ್ಲ ಅಂದವಳೂ ಅಲ್ಲ’ ಎನ್ನುತ್ತದೆ ಪತ್ರ.

ಸಹೋದರಿ, ನೀವು ಕಳ್ಳಿಯಲ್ಲ, ನಿಜ. ನಿಮ್ಮಿಂದ ಆದ ತಪ್ಪು ಒಂದೇ. ನಿಮ್ಮ ದುಡಿಮೆಯನ್ನು ನೀವೇ ದುಡಿಮೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಲೆಕ್ಕಕ್ಕೆ ಹಿಡಿದಿದ್ದರೆ ಜೂನ್ 15ರಂದೇ ಮೊದಲ ಕಂತು ಕಟ್ಟುತ್ತಿದ್ದಿರಿ.

ಅವರಿಗೆ ತಿಂಗಳು ತಿಂಗಳು ಕಡಿತ, ನಮಗೆ?

ಸಂಬಳದವರ ಮನೆಯಲ್ಲಿ ತೆರಿಗೆಯ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಕಚೇರಿಯವರೇ ತಿಂಗಳು ತಿಂಗಳು ಟಿಡಿಎಸ್ ಹಿಡಿದು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಆದರೆ ಟ್ಯೂಷನ್ ಟೀಚರ್, ಮದುವೆ ಮೇಕಪ್ ಮಾಡುವವರು, ಕೇಕ್ ಮಾಡಿ ಮಾರುವವರು, ಬ್ಲೌಸ್ ಹೊಲಿಯುವವರು, ಊಟದ ಆರ್ಡರ್ ಹಿಡಿಯುವವರು... ಇವರ ಕೈಗೆ ಬರುವುದು ಇಡೀ ದುಡ್ಡು. ಹಿಡಿದುಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ಸರ್ಕಾರ ‘ನೀವೇ ಅಂದಾಜು ಹಾಕಿ, ವರ್ಷ ಮುಗಿಯುವ ಮೊದಲೇ ಕಂತಿನಲ್ಲಿ ಕಟ್ಟಿ’ ಎನ್ನುತ್ತದೆ. ಇದೇ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ಮುಂಗಡ ತೆರಿಗೆ. ಇದೇನೂ ಹೊಸ ಕಾನೂನಲ್ಲ. ಬ್ರಿಟಿಷರ ಕಾಲದಲ್ಲಿ, 1944ರಲ್ಲೇ ಬಂದದ್ದು.

ಅಮೆರಿಕದಲ್ಲಿ ಮಗಳೋ ಸೊಸೆಯೋ ಸ್ವಂತ ಕೆಲಸ ಮಾಡಿಕೊಂಡಿದ್ದರೆ ಕೇಳಿ ನೋಡಿ. ಅಲ್ಲಿಯೂ ವರ್ಷಕ್ಕೆ ನಾಲ್ಕು ಕಂತು. ಫೆಡರಲ್ ಸರ್ಕಾರಕ್ಕೆ ಬೇರೆ, ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ರಾಜ್ಯ ಸರ್ಕಾರಕ್ಕೆ ಬೇರೆ. ಆ ಲೆಕ್ಕದಲ್ಲಿ ನಮ್ಮದು ಸಲೀಸು. ಆದಾಯ ತೆರಿಗೆ ಕೇಂದ್ರಕ್ಕೆ ಮಾತ್ರ.

ಎಲ್ಲರೂ ಕಟ್ಟಬೇಕೇ? ಹೆದರಬೇಡಿ!

ಮೊದಲು ಸಮಾಧಾನದ ಮಾತು. ಬಹಳಷ್ಟು ಗೃಹಿಣಿಯರು ಇದನ್ನು ಕಟ್ಟಬೇಕಾಗಿಯೇ ಇಲ್ಲ. ಟಿಡಿಎಸ್ ಕಳೆದು ವರ್ಷದ ತೆರಿಗೆ 10 ಸಾವಿರ ರೂಪಾಯಿಗಿಂತ ಕಡಿಮೆ ಇದ್ದರೆ ಮುಂಗಡ ತೆರಿಗೆಯ ರಗಳೆ ಇಲ್ಲ. 2025ರ ಬಜೆಟ್ ಬಂದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಇಲ್ಲಿ ಆದಾಯ ಅಂದರೆ ಬಂದ ದುಡ್ಡೆಲ್ಲ ಅಲ್ಲ, ಖರ್ಚು ಕಳೆದು ಉಳಿದದ್ದು. ತಿಂಗಳಿಗೆ 30 ಸಾವಿರ ದುಡಿಯುವ ಟೈಲರ್ ಅಕ್ಕ ಆರಾಮವಾಗಿ ನಿದ್ದೆ ಮಾಡಬಹುದು.

ಮನೆಯಲ್ಲಿ 60 ದಾಟಿದ ಅತ್ತೆಯವರಿದ್ದು, ಅವರಿಗೆ ಬರುವುದು ಬರೀ ಬಾಡಿಗೆ, ಬ್ಯಾಂಕ್ ಬಡ್ಡಿ, ಪಿಂಚಣಿ ಮಾತ್ರವೇ? ವ್ಯಾಪಾರ, ವೃತ್ತಿಯ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ ಮುಂಗಡ ಕಂತಿನಿಂದ ವಿನಾಯಿತಿ ಉಂಟು. ತೆರಿಗೆ ಇದ್ದರೆ ರಿಟರ್ನ್ ಹಾಕುವಾಗ ಕಟ್ಟಿದರಾಯಿತು.

ಆದರೆ ಒಂದು ಕಡೆ ಎಚ್ಚರ! ‘12 ಲಕ್ಷದ ಒಳಗೆ ಇದ್ದೇನಲ್ಲ’ ಎಂದು ಸುಮ್ಮನೆ ಕೂತು ಸಿಕ್ಕಿಬೀಳುವವರೂ ಇದ್ದಾರೆ. ಚಿನ್ನಕ್ಕೆ ಒಳ್ಳೆ ರೇಟು ಬಂತೆಂದು ಹಳೆಯ ಆಭರಣ ಮಾರಿದ್ದೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ 4 ಲಕ್ಷ ಲಾಭ. ಟ್ಯೂಷನ್ನಿನಿಂದ 5 ಲಕ್ಷ. ಒಟ್ಟು 9 ಲಕ್ಷವೇ ಆದರೂ ಚಿನ್ನದ ಲಾಭದ ಮೇಲಿನ ತೆರಿಗೆಗೆ ಆ ರಿಬೇಟ್ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಚಿನ್ನವಾದರೆ ಲಾಭದ ಮೇಲೆ ಶೇ 12.5, ಅಂದರೆ 50 ಸಾವಿರ. ಸೆಸ್ ಸೇರಿ 52 ಸಾವಿರ. ಟ್ಯೂಷನ್ ಆದಾಯಕ್ಕೆ ತೆರಿಗೆ ಇಲ್ಲ, ಚಿನ್ನಕ್ಕೆ ಉಂಟು! ಆದರೆ ಚಿನ್ನ ಯಾವಾಗ ಮಾರುತ್ತೀರಿ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಮಾರಿದ ನಂತರ ಬರುವ ಕಂತುಗಳಲ್ಲಿ ಆ ತೆರಿಗೆ ಕಟ್ಟಿದರೆ ಹಿಂದಿನ ಕಂತಿಗೆ ಬಡ್ಡಿ ಹಾಕುವುದಿಲ್ಲ.

ಹಳೆಯ ಪದ್ಧತಿಯನ್ನೇ ಆರಿಸಿಕೊಂಡವರಿಗೆ ಈ 12 ಲಕ್ಷದ ಲೆಕ್ಕ ಹೊಂದುವುದಿಲ್ಲ. ಅವರು ಆಡಿಟರನ್ನು ಕೇಳಿಯೇ ಮುಂದುವರಿಯಲಿ.

ನಾಲ್ಕು ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಹಾಲಿನವನ ಲೆಕ್ಕ ಬರೆಯುವ ಅಡುಗೆಮನೆ ಕ್ಯಾಲೆಂಡರಿನಲ್ಲೇ ಈ ನಾಲ್ಕು ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಬಿಜೈಯ ಟೀಚರ್ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೊಸ ಪದ್ಧತಿಯಲ್ಲಿ 15 ಲಕ್ಷಕ್ಕೆ ಸೆಸ್ ಸೇರಿ 1,09,200 ರೂಪಾಯಿ.

ಜೂನ್ 15: ವರ್ಷದ ತೆರಿಗೆಯ ಶೇ 15. ಅಂದರೆ 16,380 ರೂಪಾಯಿ.

ಸೆಪ್ಟೆಂಬರ್ 15: ಒಟ್ಟು ಶೇ 45 ಆಗಬೇಕು. ಈ ಸಲ ಕಟ್ಟಬೇಕಾದ್ದು 32,760.

ಡಿಸೆಂಬರ್ 15: ಒಟ್ಟು ಶೇ 75. ಮತ್ತೆ 32,760.

ಮಾರ್ಚ್ 15: ಪೂರ್ತಿ ನೂರು. ಉಳಿದ 27,300.

ಹೀಗೆ ಕಟ್ಟಿದ್ದರೆ ಬಡ್ಡಿ ಒಂದು ಪೈಸೆ ಇಲ್ಲ. ಕಟ್ಟದೆ ಹೋದರೆ? ಮೊದಲ ಮೂರು ಕಂತಿನಲ್ಲಿ ಕಡಿಮೆಯಾದದ್ದಕ್ಕೆ ತಿಂಗಳಿಗೆ ಶೇ 1ರಂತೆ ಮೂರು ಮೂರು ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದು ತಿಂಗಳದ್ದು. ಮಾರ್ಚ್ 31ರೊಳಗೆ ಶೇ 90 ಕೂಡ ಕಟ್ಟಿಲ್ಲವೆಂದರೆ ಏಪ್ರಿಲ್ 1ರಿಂದ ಕಟ್ಟುವ ತಿಂಗಳವರೆಗೆ ಇನ್ನೊಂದು ಶೇ 1. ಎಲ್ಲ ಕೂಡಿಸಿದರೆ ಜುಲೈಯಲ್ಲಿ ಕಟ್ಟುವವರಿಗೆ ಸುಮಾರು 9,900 ರೂಪಾಯಿ. ಪತ್ರದಲ್ಲಿದ್ದ ‘ಹತ್ತಿರ ಹತ್ತಿರ ಹತ್ತು ಸಾವಿರ’ ಎಲ್ಲಿಂದ ಬಂತು ಎಂದು ಗೊತ್ತಾಯಿತಲ್ಲ? ಒಂದು ಒಳ್ಳೆ ಸೀರೆಯ ದುಡ್ಡು ಸುಮ್ಮನೆ ಹೋಯಿತು.

‘ಜೂನ್‌ನಲ್ಲೇ ಇಡೀ ವರ್ಷದ ಆದಾಯ ಹೇಗೆ ಹೇಳುವುದು?’ ಎಂದು ಕೇಳುತ್ತೀರಿ. ನ್ಯಾಯವೇ. ಮೇಕಪ್, ಊಟದ ಆರ್ಡರ್ ಮಾಡುವವರಿಗೆ ನಮ್ಮ ಊರಿನ ಹಂಗಾಮು ಗೊತ್ತೇ ಉಂಟು. ಪತ್ತನಾಜೆ ಕಳೆದರೆ ಶುಭಕಾರ್ಯ ಕಡಿಮೆ, ಆಟಿಯಲ್ಲಂತೂ ಕೇಳುವುದೇ ಬೇಡ. ಚೌತಿ ಕಳೆದ ಮೇಲೆ ಮತ್ತೆ ಫೋನು ರಿಂಗಣಿಸಲು ಶುರು, ಡಿಸೆಂಬರ್‌ನಲ್ಲಿ ಪುರುಸೊತ್ತಿಲ್ಲ. ಅದಕ್ಕೇ ಮೊದಲ ಕಂತು ಚಿಕ್ಕದು. ಕಳೆದ ವರ್ಷದ ಲೆಕ್ಕ ಮುಂದಿಟ್ಟುಕೊಂಡು ಅಂದಾಜು ಹಾಕಿ. ಸೆಪ್ಟೆಂಬರ್‌ನಲ್ಲಿ ಹೆಚ್ಚು ಕಡಿಮೆ ಕಂಡರೆ ಅಂದಾಜು ತಿದ್ದಿಕೊಳ್ಳಿ. ಜೂನ್‌ನಲ್ಲಿ ಶೇ 12, ಸೆಪ್ಟೆಂಬರಿಗೆ ಶೇ 36 ಆದರೂ ಕಟ್ಟಿದ್ದರೆ ಆ ಎರಡು ಕಂತಿಗೆ ಬಡ್ಡಿ ಹಾಕುವುದಿಲ್ಲ. ಹೆಚ್ಚು ಕಟ್ಟಿದ್ದರೆ ರಿಟರ್ನ್ ಹಾಕಿದ ಮೇಲೆ ವಾಪಸು ಬರುತ್ತದೆ.

ಸಣ್ಣ ವ್ಯಾಪಾರದವರಿಗೆ ಇನ್ನೊಂದು ಸುಲಭದ ದಾರಿ ಇದೆ. ವಹಿವಾಟಿನ ಶೇ 8, ಯುಪಿಐ, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಲಾಭ ಎಂದು ತೋರಿಸುವ ಅಂದಾಜು ಆದಾಯ ಯೋಜನೆ. ಇದನ್ನು ಆರಿಸಿಕೊಂಡವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಆದರೆ ವಿಮಾ ಏಜೆಂಟರ ಕಮಿಷನ್ನಿಗೆ ಇದು ಸಿಗುವುದಿಲ್ಲ. ನಮ್ಮಲ್ಲಿ ವಿಮಾ ಏಜೆಂಟರಾಗಿರುವ ಗೃಹಿಣಿಯರು ಎಷ್ಟೊಂದು ಜನ! ಅವರು ಗಮನಿಸಬೇಕು. ಇನ್ನು ಪಾಠ ಹೇಳುವುದು ವ್ಯಾಪಾರವೋ ವೃತ್ತಿಯೋ ಎಂಬ ಚರ್ಚೆ ಆಡಿಟರುಗಳ ನಡುವೆಯೇ ಉಂಟು. ಬಿಜೈಯ ಟೀಚರ್‌ಗೆ ಅವರ ಆಡಿಟರ್ ನಿಜವಾದ ಲೆಕ್ಕವನ್ನೇ ತೋರಿಸಿದ್ದಾರೆ. ಮನಸ್ಸಿಗೆ ನೆಮ್ಮದಿ ಅದರಲ್ಲೇ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, ಜಾರಿಯ ದಿನ 2026ರ ಏಪ್ರಿಲ್ 1. ಸೆಕ್ಷನ್ ನಂಬರುಗಳು ಬದಲಾದವು, ನಾಲ್ಕು ಕಂತು ಬದಲಾಗಿಲ್ಲ. ‘ಹೊಸ ಕಾನೂನು ಬಂತಂತೆ, ಇದೆಲ್ಲ ಹೋಯಿತಂತೆ’ ಎನ್ನುವವರ ಮಾತು ನಂಬಬೇಡಿ.

ಪಿಗ್ಮಿ ಕಲಿಸಿದ ಪಾಠ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಂತಿನ ದಿನ ದುಡ್ಡು ಎಲ್ಲಿಂದ ತರುವುದು?

ನಮ್ಮ ಜಿಲ್ಲೆಯ ಹೆಂಗಸರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಪಿಗ್ಮಿ ಹುಟ್ಟಿದ್ದೇ ನಮ್ಮಲ್ಲಿ! 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ದಿನದ ದುಡ್ಡಿನಲ್ಲಿ ದಿನವೇ ಒಂದಷ್ಟು ಎತ್ತಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಉಳಿದಿದೆ.

ಬಿಜೈಯ ಟೀಚರ್ ತೆರಿಗೆಯನ್ನು ದಿನಕ್ಕೆ ಹಂಚಿ ನೋಡಿ. 1,09,200 ಅಂದರೆ ದಿನಕ್ಕೆ 300 ರೂಪಾಯಿ. ಅಷ್ಟೇ! ಬಳೆ ಅಡವಿಡಿಸಿದ್ದು ದಿನಕ್ಕೆ 300 ರೂಪಾಯಿ. ಇನ್ನೊಂದು ಲೆಕ್ಕದಲ್ಲಿ, ಬಂದ ಫೀಸಿನ ನೂರಕ್ಕೆ 7 ರೂಪಾಯಿ. ಒಬ್ಬ ಹುಡುಗ 20 ಸಾವಿರ ಕೊಟ್ಟನೇ? ಅದರಲ್ಲಿ 1,400 ನಿಮ್ಮದಲ್ಲ. ನಿಮ್ಮದಲ್ಲದ ದುಡ್ಡನ್ನು ನಿಮ್ಮದೆಂದು ಎಣಿಸಿ ಫ್ರಿಜ್ ಬುಕ್ ಮಾಡಿದರೆ ಜುಲೈಯಲ್ಲಿ ಕಣ್ಣೀರು ಹಾಕಬೇಕಾಗುತ್ತದೆ.

ಇದಕ್ಕೆಂದೇ ಬೇರೆ ಉಳಿತಾಯ ಖಾತೆಯೊಂದನ್ನು ತೆರೆಯಿರಿ. ಎಟಿಎಂ ಕಾರ್ಡು ಬೇಡ, ಫೋನ್ ಪೇ, ಗೂಗಲ್ ಪೇಗೆ ಜೋಡಿಸುವುದೂ ಬೇಡ. ಫೀಸು ಬಂದ ದಿನ ರಾತ್ರಿ ಮಲಗುವ ಮುಂಚೆ ಸರ್ಕಾರದ ಪಾಲನ್ನು ಆ ಖಾತೆಗೆ ದಾಟಿಸಿ. ಪಿಗ್ಮಿಯನ್ನೇ ಮಾಡುತ್ತೀರಾದರೆ ನಡುವೆ ತೆಗೆಯಲು ಏನು ಷರತ್ತು ಎಂದು ಮೊದಲು ಕೇಳಿ. ಅವಧಿಗೆ ಮುಂಚೆ ತೆಗೆದರೆ ಸ್ವಲ್ಪ ಮುರಿದುಕೊಳ್ಳುವುದುಂಟು.

ಕಟ್ಟುವುದು ಈಗ ಸುಲಭ. ಅತ್ತಾವರದ ಆದಾಯ ತೆರಿಗೆ ಕಚೇರಿಗೆ ಹೋಗಬೇಕಾಗಿಲ್ಲ, ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್ ಎಂಬಲ್ಲಿ ಪ್ಯಾನ್ ನಂಬರ್ ಹಾಕಿದರೆ ಮನೆಯಲ್ಲೇ ಆಗುತ್ತದೆ. ಯಾವ ವರ್ಷದ ತೆರಿಗೆ, ‘ಅಡ್ವಾನ್ಸ್ ಟ್ಯಾಕ್ಸ್’ ಎಂದೇ ಆರಿಸಿದ್ದೀರಾ, ಇವೆರಡನ್ನು ಎರಡೆರಡು ಸಲ ನೋಡಿ. ವರ್ಷ ತಪ್ಪಿದರೆ ಕಟ್ಟಿದ್ದೂ ಕಟ್ಟಿದ ಹಾಗಾಗದು. ಚಲನ್ ಪ್ರಿಂಟ್ ತೆಗೆದು ಫೈಲಿನಲ್ಲಿಡಿ.

ಗಂಡನ ದುಡ್ಡು, ಹೆಂಡತಿಯ ಪ್ಯಾನ್

ಮಂಗಳೂರಿನಲ್ಲಿ ಗಲ್ಫಿನ ನಂಟಿಲ್ಲದ ಬೀದಿ ಇಲ್ಲ. ಗಂಡ ದುಬೈಯಿಂದ ಕಳಿಸಿದ ಮನೆಖರ್ಚಿನ ಹಣ ನಿಮ್ಮ ಆದಾಯ ಅಲ್ಲ, ಅದಕ್ಕೆ ನೀವು ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅದನ್ನು ನಿಮ್ಮ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ಬರುವ ಬಡ್ಡಿಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಹೆಂಡತಿ ಹೆಸರಲ್ಲಿಟ್ಟರೆ ತೆರಿಗೆ ಇಲ್ಲ ಎಂಬುದು ಬರೀ ಬಾಯಿಮಾತು. ನಿಮ್ಮ ವಿದ್ಯೆ, ನಿಮ್ಮ ಕೈಕೆಲಸದಿಂದ ಬಂದದ್ದು ಮಾತ್ರ ನಿಮ್ಮದೇ. ಅದನ್ನು ಗಂಡನ ಲೆಕ್ಕಕ್ಕೆ ಯಾರೂ ಸೇರಿಸುವಂತಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಗಂಡನ ವ್ಯಾಪಾರ, ಹೆಂಡತಿಯ ಹೆಸರು, ಹೆಂಡತಿಯ ಸಹಿ. ‘ನಿನಗೆ ಗೊತ್ತಾಗುವುದಿಲ್ಲ, ಇಲ್ಲಿ ಸೈನ್ ಹಾಕು’ ಅಂದರೆ ಹಾಕಿಬಿಡುತ್ತೇವೆ. ನಾಳೆ ನೋಟಿಸ್ ಬಂದರೆ ಅದರ ಮೇಲೆ ಇರುವುದು ಯಾರ ಹೆಸರು? ನಿಮ್ಮದೇ! ಆದ್ದರಿಂದ ಪೋರ್ಟಲ್‌ನ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಓಟಿಪಿ ನಿಮ್ಮ ಮೊಬೈಲಿಗೇ ಬರಲಿ. ವರ್ಷಕ್ಕೆ ಎರಡು ಸಲವಾದರೂ ಎಐಎಸ್ ತೆರೆದು ನೋಡಿ. ನಿಮ್ಮ ಪ್ಯಾನ್ ಮೇಲೆ ಬಂದ ಬಡ್ಡಿ, ಷೇರು ಮಾರಾಟ, ಟಿಡಿಎಸ್ ಎಲ್ಲ ಅಲ್ಲಿ ಕಾಣುತ್ತದೆ. ಇದು ಗಂಡನ ಮೇಲಿನ ಅಪನಂಬಿಕೆ ಅಲ್ಲ. ಮನೆಯ ಬೀಗದ ಕೈ ಇಬ್ಬರ ಹತ್ತಿರವೂ ಇರುವ ಹಾಗೆ, ಅಷ್ಟೇ.

ರಾಜ್ಯದ ಲೆಕ್ಕವೂ ಉಂಟು

ಆದಾಯ ತೆರಿಗೆ ಕೇಂದ್ರದ್ದಾದರೆ ವೃತ್ತಿ ತೆರಿಗೆ ರಾಜ್ಯದ್ದು. ಸಂವಿಧಾನದ 276ನೇ ವಿಧಿಯ ಪ್ರಕಾರ ಇದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಸ್ವಂತ ಉದ್ಯೋಗದವರು ಹೆಸರು ನೋಂದಾಯಿಸಿಕೊಂಡು ಏಪ್ರಿಲ್ 30ರೊಳಗೆ ಕಟ್ಟಬೇಕು. ನಿಮ್ಮ ಕೆಲಸ ಆ ಪಟ್ಟಿಯಲ್ಲಿದೆಯೇ ಎಂದು ಆಡಿಟರಿಗೆ ಕೇಳಿ. ಇನ್ನು ಜಿಎಸ್‌ಟಿ. ಸೇವೆಯಾದರೆ ವರ್ಷಕ್ಕೆ 20 ಲಕ್ಷ, ವಸ್ತು ಮಾರಾಟವಾದರೆ 40 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಇಲ್ಲಿ ನೋಡುವುದು ಲಾಭವನ್ನಲ್ಲ, ಒಟ್ಟು ವಹಿವಾಟನ್ನು.

2025ರ ಜುಲೈಯಲ್ಲಿ ಏನಾಯಿತು ನೆನಪುಂಟಲ್ಲ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬೋರ್ಡು ಹಾಕಿದರು. ಗಲಾಟೆಯಾದ ಮೇಲೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿತು. ಅಂದಿನಿಂದ ‘ಕ್ಯಾಶೇ ಕೊಡಿ, ಸುಮ್ಮನೆ ಯಾಕೆ ರಗಳೆ’ ಎನ್ನುವ ಗೆಳತಿಯರು ಹೆಚ್ಚಾಗಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಳ್ಳರ ಹಾಗೆ ಅಡಗಿಕೊಂಡು ದುಡಿಯಲು ನಾವು ಮಾಡುತ್ತಿರುವುದು ಕಳ್ಳಕೆಲಸವಲ್ಲವಲ್ಲ!

ಕಟ್ಟಿದರೆ ನಮಗೇನು ಲಾಭ?

ಲಾಭ ಉಂಟು. ಮಗಳ ಎಂಜಿನಿಯರಿಂಗ್ ಸಾಲಕ್ಕೆ, ಫ್ಲ್ಯಾಟ್ ಸಾಲಕ್ಕೆ ಬ್ಯಾಂಕು ಮೊದಲು ಕೇಳುವುದು ಆದಾಯ ತೆರಿಗೆ ರಿಟರ್ನ್. ರಸ್ತೆ ಅಪಘಾತದ ಪರಿಹಾರದ ಕೇಸಿನಲ್ಲಿ ದುಡಿಯುತ್ತಿದ್ದದ್ದು ಎಷ್ಟು ಎಂದು ತೋರಿಸಲು ರಿಟರ್ನ್ ದೊಡ್ಡ ಸಾಕ್ಷಿ. ಟೈಂಪಾಸ್ ಎಂದು ಹೇಳಿಕೊಂಡು ಬಂದ ದುಡಿಮೆಗೆ ಯಾವ ಕೋರ್ಟು ಬೆಲೆ ಕಟ್ಟೀತು? ಒಂದು ದಿನ ಒಂಟಿಯಾಗಿ ಬದುಕಬೇಕಾಗಿ ಬಂದರಂತೂ ಆ ನಾಲ್ಕಾರು ವರ್ಷದ ರಿಟರ್ನು ಕೊರಳಲ್ಲಿನ ಸರಕ್ಕಿಂತ ಗಟ್ಟಿ ಆಸರೆ.

ತೆರಿಗೆ ಜಾಸ್ತಿ ಆಯಿತು, ರಸ್ತೆಯ ಗುಂಡಿ ಹಾಗೇ ಉಂಟು ಎಂದು ಬೈಯುವ ಹಕ್ಕೂ ಕಟ್ಟಿದವರಿಗೆ ಜಾಸ್ತಿ. ಬೈಯಿರಿ, ನಾನೂ ಸೇರುತ್ತೇನೆ. ಆದರೆ ಕಟ್ಟಿ ಬೈಯೋಣ.

ಬಿಜೈಯ ಸಹೋದರಿಗೆ ಕೊನೆಯದಾಗಿ ಒಂದು ಮಾತು. ಬಳೆ ಬಿಡಿಸಿಕೊಂಡ ದಿನ ಅತ್ತೆಯವರಿಗೆ ಎಲ್ಲ ಹೇಳಿಬಿಡಿ. ‘ಅತ್ತೆ, ನಾನು ವರ್ಷಕ್ಕೆ ಲಕ್ಷ ರೂಪಾಯಿ ತೆರಿಗೆ ಕಟ್ಟುವವಳು’ ಎಂದು ತಲೆ ಎತ್ತಿಯೇ ಹೇಳಿ. ನಾಳೆಯಿಂದ ಯಾರಾದರೂ ‘ಎಂತ ಮಾಡ್ತೀರಿ?’ ಎಂದು ಕೇಳಿದರೆ ಟೈಂಪಾಸಿಗೆ ಅನ್ನಬೇಡಿ. ‘ಟೀಚರ್, ಮನೆಯಲ್ಲೇ ಸ್ವಂತ ಕ್ಲಾಸು ಉಂಟು’ ಅನ್ನಿ. ಜೂನ್ 15 ಮಾತ್ರ ಮರೆಯಬೇಡಿ!